ಒಂದೇ ರೊಟ್ಟಿ, ಒಂದೇ ಬಟ್ಟಲು: ಮೋಗ್ಲಿಂಗರ ಪಂಕ್ತಿ

ಜುಲೈ 1 ಬಂತೆಂದರೆ ಪತ್ರಿಕಾ ದಿನ. ಅವತ್ತು ಹರ್ಮನ್ ಮೋಗ್ಲಿಂಗರ ಫೋಟೋಕ್ಕೆ ಹಾರ ಬೀಳುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಪುಣ್ಯಾತ್ಮ ಅಂತ ಭಾಷಣ ಆಗುತ್ತದೆ. ಆದರೆ ಈ ಮನುಷ್ಯ ಹಡಗು ಹತ್ತಿ ಬಂದದ್ದು ಪತ್ರಿಕೆ ನಡೆಸಲಿಕ್ಕಲ್ಲ, ಪ್ರಾರ್ಥನೆ ಮಾಡಿಸಲಿಕ್ಕೆ. ಅದೊಂದನ್ನು ಮಾತ್ರ ನಾವು ಜಾಣತನದಿಂದ ಬಿಟ್ಟು ಮಾತಾಡುತ್ತೇವೆ.

ಜತ್ತ ತಾಲೂಕಿನ ನಮ್ಮಂಥವರಿಗೆ ಕ್ರೈಸ್ತರ ಪ್ರಾರ್ಥನೆಯ ಪರಿಚಯ ಆದದ್ದು ಹೆಚ್ಚಾಗಿ ಮಿರಜದ ಮಿಶನ್ ದವಾಖಾನಿಯಲ್ಲಿ. ಡಾ. ವಾನ್ಲೆಸ್ 1894ರಲ್ಲಿ ಕಟ್ಟಿದ ಆ ದವಾಖಾನಿಯಲ್ಲಿ ಕತ್ತರಿ ಹಿಡಿಯುವ ಮುಂಚೆ ಡಾಕ್ಟರರು ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಾರೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಚರ್ಚಿನೊಳಗೆ ರೊಟ್ಟಿ ಮುರಿದು ಹಂಚುವುದನ್ನು, ಒಂದೇ ಬಟ್ಟಲಿನ ದ್ರಾಕ್ಷಾರಸ ಕುಡಿಯುವುದನ್ನು ಕಂಡವರು ಕಡಿಮೆ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಶಿಷ್ಯರ ಸಂಗಡ ಉಂಡ ಊಟದ ನೆನಪು ಅದು. ಕನ್ನಡ ಪ್ರಾಟೆಸ್ಟಂಟರು ಕರ್ತನ ಭೋಜನ ಅಂತಾರೆ, ಕಥೋಲಿಕರು ಪರಮಪ್ರಸಾದ ಅಂತಾರೆ, ಮರಾಠಿಯಲ್ಲಿ ಪ್ರಭುಭೋಜನ. ಗುಡ್ಡಾಪುರದ ದಾನಮ್ಮನ ದಾಸೋಹದಲ್ಲಿ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರ ಮಗ್ಗುಲಿಗೆ ಯಾರು ಕೂತರು ಅನ್ನುವುದೇ ಪಂಕ್ತಿಯ ಪ್ರಶ್ನೆ.

ಇದೇ ಪ್ರಶ್ನೆ ಇಲ್ಲಿಯ ಚರ್ಚುಗಳನ್ನೂ ಕಾಡಿತ್ತು. ತಮಿಳುನಾಡಿನ ಹಳೆಯ ಸಭೆಗಳಲ್ಲಿ ಮತ ಬದಲಾದರೂ ಜಾತಿ ಹೋಗಿರಲಿಲ್ಲ. ಕೂಡುವ ಜಾಗ ಬೇರೆ, ಭೋಜನಕ್ಕೆ ಬರುವ ಸರದಿ ಬೇರೆ. ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಇದನ್ನು ನಿಲ್ಲಿಸಿರೆಂದು ಪತ್ರ ಕಳಿಸಿದಾಗ ದೊಡ್ಡ ಗದ್ದಲವೇ ಆಯಿತು. ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದದ್ದು 1836ರಲ್ಲಿ. ಜರ್ಮನಿಯ ಬ್ರಾಕನ್‌ಹೈಮಿನಲ್ಲಿ 1811ರಲ್ಲಿ ಹುಟ್ಟಿದವರು. ಅವರ ಬಾಸೆಲ್ ಮಿಶನ್ ಸಭೆಯೊಳಗೆ ಜಾತಿಗೆ ಜಾಗ ಕೊಡಲಿಲ್ಲ. ಹುಬ್ಬಳ್ಳಿ-ಧಾರವಾಡದ ಕಡೆ ಕೆಲಕಾಲ ಇದ್ದು, ಮಂಗಳೂರಿಗೆ ಮರಳಿ ಹುಡುಗರ ವಸತಿಶಾಲೆ ನಡೆಸಿದರು. ಗೆಳೆಯ ವೈಗ್ಲೆಯ ಸಂಗಡ ಕೂಡಿ ಪ್ರಾರ್ಥನೆಗೆ ಕನ್ನಡ ಕೀರ್ತನೆಗಳನ್ನೂ ಬರೆದರು.

ಮೊದಲ ದೊಡ್ಡ ಪರೀಕ್ಷೆ ಬಂದದ್ದು 1844ರ ಜನವರಿಯಲ್ಲಿ. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಪಡೆದರು. ಊರೇ ಕೆರಳಿತು. ಹೊಸ ಪಂಕ್ತಿಗೆ ಸೇರುವುದೆಂದರೆ ಹುಟ್ಟಿದ ಮನೆಯ ಪಂಕ್ತಿಯಿಂದ ಎದ್ದು ಹೋಗುವುದೇ ಆಗಿತ್ತು. ಹೆಂಡತಿ ಲಕ್ಷ್ಮಿ ಜೊತೆಗೆ ಬರಲಿಲ್ಲ. ಕೌಂಡಿನ್ಯರು ಬಾಸೆಲ್ಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದ ಮೇಲೂ ಆಕೆ ಬರಲಿಲ್ಲ. ಮೋಗ್ಲಿಂಗರ ಬಗ್ಗೆ ಬರೆಯುವವರು ಈ ಹೆಣ್ಣುಮಗಳ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಆ ಬಟ್ಟಲಿನ ಬೆಲೆ ಆಕೆಯೂ ತೆತ್ತಳಲ್ಲ!

ಮೋಗ್ಲಿಂಗರ ಉದ್ದೇಶ ಮತಾಂತರವೇ. ಅದನ್ನು ಮುಚ್ಚಿಡುವುದೇನೂ ಬೇಡ. ಆದರೂ 1850ರಲ್ಲಿ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದವರೂ ಇವರೇ. ನಮ್ಮ ಮಂದಿ ಪಂಢರಪುರಕ್ಕೆ ನಡೆಯುತ್ತ ಹಾಡುವ ದಾಸರ ಪರಂಪರೆಗೆ ಮೊದಲ ಅಚ್ಚಿನ ಪುಸ್ತಕ ಮಂಗಳೂರಿನ ಪಾದ್ರಿಯಿಂದ ಬಂತು ಅಂದರೆ ಇಲ್ಲಿ ಎಷ್ಟೋ ಜನ ನಂಬುವುದಿಲ್ಲ.

1853ರಲ್ಲಿ ಕೊಡಗಿಗೆ ಹೋದರು. ಅಲ್ಲಿ ಜಮೀನಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಹೊಲೆಯ ಸಮುದಾಯದವರಿಗಾಗಿ ಆ ದಶಕದ ಕೊನೆಗೆ ಒಂದು ಊರೇ ಎದ್ದಿತು. ಅದರ ಹೆಸರು ಆನಂದಪುರ, ಕೌಂಡಿನ್ಯರ ಹೆಸರಿನ ಊರು. ಕಾಫಿ ತೋಟ, ಮನೆಗಳು, ಒಂದು ಚರ್ಚು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಪಾದ್ರಿಯೂ ಅವರ ನೆರಳೂ ಬೀಳಬಾರದಾಗಿದ್ದ ಜೀತದಾಳುಗಳೂ ಅಲ್ಲಿ ಒಂದೇ ಸಭೆಯವರು. ಮಂಗಳೂರಿನಲ್ಲಿ ಮಾತಿನಲ್ಲಿದ್ದದ್ದು ಇಲ್ಲಿ ಬಾಯಿಗೆ ಬಂತು ಅನ್ನಬಹುದು.

ಹೆಂಡತಿಯ ಕಾಯಿಲೆಯಿಂದ ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಹೋದರು, ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲೇ ತೀರಿಕೊಂಡರು. ಕೌಂಡಿನ್ಯರು ಅದೇ 1860ರಲ್ಲಿ ಜರ್ಮನ್ ಹೆಣ್ಣುಮಗಳನ್ನು ಮದುವೆಯಾಗಿ, 1893ರಲ್ಲಿ ಸಾಯುವ ತನಕ ಈ ನಾಡಿನಲ್ಲೇ ಮಿಶನ್ನಿನ ಕೆಲಸ ಮಾಡಿಕೊಂಡಿದ್ದರು.