ಖಾಲಿ ಹಾಳೆಯ ಮೇಲೊಂದು ಮುದ್ರೆ: ನಮ್ಮ ಬೀದರಿನ ಮಹಮೂದ್ ಗವಾನ್

ನಮ್ಮ ಸಿಲೆಬಸ್ಸಿನಲ್ಲಿ ಐಪಿಆರ್ ಅಂತ ಒಂದು ವಿಷಯ ಅದ. ಪೇಟೆಂಟ್, ಕಾಪಿರೈಟ್, ಟ್ರೇಡ್‌ಮಾರ್ಕ್, ಜಿಐ ಅಂತ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರುದಿನ ಮರೆತುಬಿಡ್ತೀವಿ. ಗುರುತನ್ನು ಯಾಕೆ ಕಾಪಾಡಬೇಕು ಅನ್ನೋದಕ್ಕೆ ನಮ್ಮೂರಲ್ಲೇ ಒಂದು ಕಥೆ ಇದೆ. ಚೌಬಾರಾದಿಂದ ಕೋಟೆ ಕಡೆ ನಡೆದರೆ ಸಿಗುವ ಮದರಸಾವನ್ನು ಬೀದರಿನವರಷ್ಟೇ ಅಲ್ಲ, ಭಾಲ್ಕಿ, ಔರಾದದಿಂದ ಬಸ್ಸಿಗೆ ಬರುವ ಗೆಳೆಯರೂ ನೋಡಿರ್ತಾರೆ. ಅದನ್ನು ಕಟ್ಟಿಸಿದವನ ಕಥೆ ಇದು.

ಮಹಮೂದ್ ಗವಾನ್ ಹುಟ್ಟಿದ್ದು ಸುಮಾರು 1411ರಲ್ಲಿ, ಪರ್ಷಿಯಾದ ಗಿಲಾನ್ ಪ್ರಾಂತ್ಯದಲ್ಲಿ. ಮನೆತನ ದೊಡ್ಡದು, ಆದರೆ ಅಲ್ಲಿನ ರಾಜಕೀಯ ಸರಿಬರಲಿಲ್ಲ. ಊರು ಬಿಟ್ಟು ವ್ಯಾಪಾರಕ್ಕೆ ಇಳಿದ. ನಲವತ್ತು ದಾಟಿದ ಮೇಲೆ, 1453ರ ಸುಮಾರಿಗೆ, ಹಡಗಿನಲ್ಲಿ ದಾಬೋಳ ಬಂದರಿಗೆ ಬಂದು, ಅಲ್ಲಿಂದ ಬೀದರಿಗೆ ಬಂದ. ಬಂದದ್ದು ವ್ಯಾಪಾರಿಯಾಗಿ, ಉಳಿದದ್ದು ಆಡಳಿತಗಾರನಾಗಿ.

ಆಗ ಬೀದರ್ ಬಹಮನಿ ರಾಜಧಾನಿ. ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಇವನ ಬುದ್ಧಿಗೆ ಮೆಚ್ಚಿ ದರಬಾರಿನಲ್ಲಿ ಜಾಗ ಕೊಟ್ಟ. ಮುಂದೆ ಹುಮಾಯೂನ್ ಷಾ ಮಲಿಕ್-ಉತ್-ತುಜ್ಜಾರ್, ಅಂದರೆ ವ್ಯಾಪಾರಿಗಳ ಒಡೆಯ, ಅನ್ನುವ ಬಿರುದು ಕೊಟ್ಟ. 1463ರಲ್ಲಿ ಪಟ್ಟಕ್ಕೆ ಬಂದ ಮೂರನೇ ಮುಹಮ್ಮದ್ ಷಾ ಇನ್ನೂ ಹುಡುಗ. ಕೆಲವೇ ವರ್ಷಗಳಲ್ಲಿ ರಾಜ್ಯದ ಪೂರ್ತಿ ಭಾರ ಗವಾನನ ಹೆಗಲಿಗೆ ಬಿತ್ತು.

ಅವನ ಕೆಲಸ ನೋಡಿದರೆ ಒಳ್ಳೆಯ ಸಿಸ್ಟಮ್ ಡಿಸೈನರ್ ಅನ್ನಿಸ್ತದ. ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಎಂಟು ಮಾಡಿದ. ಪ್ರಾಂತ್ಯಾಧಿಕಾರಿಯ ಕೈಗೆ ಒಂದೇ ಕೋಟೆ. ಮಿಕ್ಕ ಕೋಟೆಗಳಿಗೆ ರಾಜಧಾನಿಯಿಂದಲೇ ಕಿಲ್ಲೇದಾರರು. ಜಮೀನು ಅಳೆಸಿ ಕಂದಾಯ ಗೊತ್ತುಮಾಡಿದ. 1472ರಲ್ಲಿ ವಿಜಯನಗರದಿಂದ ಗೋವಾ ಗೆದ್ದ, ಅದರ ಬೆನ್ನಿಗೇ ಬೆಳಗಾವಿ. ಮೂರಂತಸ್ತಿನ ಮದರಸಾ ಮುಗಿದದ್ದೂ ಅದೇ 1472ರಲ್ಲಿ. ಅಲ್ಲಿನ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಅಂತ ಹೇಳ್ತಾರೆ. ಇಷ್ಟೆಲ್ಲ ಮಾಡಿದವನು ಸ್ವಂತಕ್ಕೆ ಮಾತ್ರ ಸಾದಾ ಬದುಕು ಇಟ್ಟುಕೊಂಡಿದ್ದ.

ಅವನಿಗೆ ಇನ್ನೊಂದು ಹೆಸರಿತ್ತು: ಪತ್ರ ಬರೆಯೋದರಲ್ಲಿ ಪಂಡಿತ. ಅವನ ಪರ್ಷಿಯನ್ ಪತ್ರಗಳ ಸಂಗ್ರಹ ರಿಯಾಜ್-ಉಲ್-ಇನ್ಶಾ ಇವತ್ತಿಗೂ ಇದೆ. ಪತ್ರ ಬರೆಯುವ ಕಲೆ ಕುರಿತೇ ಬೇರೊಂದು ಗ್ರಂಥ ಬರೆದ. ಅಂಥವನನ್ನು ಕೊಂದದ್ದು ಒಂದು ಪತ್ರ, ಅವನು ಬರೆಯದೇ ಇದ್ದ ಪತ್ರ.

ಅಧಿಕಾರ ಕಳಕೊಂಡ ಸರದಾರರಿಗೆ ಅವನ ಮೇಲೆ ಸಿಟ್ಟಿತ್ತು. ದಖ್ಖನಿ ಮತ್ತು ಪರದೇಸಿ ಗುಂಪುಗಳ ಜಗಳವೂ ಹಳೆಯದು. ಗವಾನನ ಮುದ್ರೆ ಕಾಯುವವನನ್ನು ಅವರು ಒಳಗೆ ಹಾಕಿಕೊಂಡು, ಒಂದು ಖಾಲಿ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಆ ಹಾಳೆಯಲ್ಲಿ, ಒಡಿಶಾದ ಗಜಪತಿ ರಾಜನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆ ಅಸಲಿ, ಮಾತು ನಕಲಿ. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆ ಮಾಡಲಿಲ್ಲ. ಮುದ್ರೆ ತನ್ನದು, ಪತ್ರ ತನ್ನದಲ್ಲ ಅಂತ ಗವಾನ್ ಹೇಳಿದರೂ ಕೇಳಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ ತಲೆ ಹೊಡೆಸಿದ. ಸತ್ಯ ತಿಳಿದ ಮೇಲೆ ಕೊರಗಿ ಪ್ರಯೋಜನವಿರಲಿಲ್ಲ. ವರ್ಷ ತುಂಬುವುದರೊಳಗೆ ಅವನೂ ತೀರಿಕೊಂಡ. ಮುಂದಿನ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು.

ಡಿಜಿಟಲ್ ಸಹಿ ಓದಿದವರಿಗೆ ತಪ್ಪೆಲ್ಲಿ ಆಯ್ತು ಅಂತ ತಕ್ಷಣ ಹೊಳೀತದ. ನಮ್ಮ ಕಾಲದ ಸಹಿ ಪತ್ರದ ಹ್ಯಾಶ್‌ಗೆ ಅಂಟಿಕೊಂಡಿರ್ತದ. ಆಮೇಲೆ ಒಂದಕ್ಷರ ಬದಲಾದರೂ ಸಹಿ ಹೊಂದೋದಿಲ್ಲ. ಗವಾನನ ಮುದ್ರೆ ಹಾಳೆಗೆ ಅಂಟಿತ್ತೇ ಹೊರತು ಮಾತಿಗಲ್ಲ. ಆದರೆ ಕೀಲಿ ಬೇರೆಯವರ ಕೈಗೆ ಸಿಕ್ಕರೆ ಇವತ್ತಿನ ಸಹಿಯೂ ಅಷ್ಟೇ. ತಂತ್ರದ ಜೊತೆಗೆ ಕಾಯುವವರೂ ಬೇಕು, ತಪಾಸಣೆ ಮಾಡುವವರೂ ಬೇಕು.

ಜಗತ್ತು ಇದನ್ನು ಕಾನೂನಾಗಿ ಬರೆಯಲು ಬಹಳ ಕಾಲ ಹಿಡೀತು. ಪೇಟೆಂಟ್, ಟ್ರೇಡ್‌ಮಾರ್ಕ್‌ಗಳ ರಕ್ಷಣೆಗೆ ಪ್ಯಾರಿಸ್ ಒಪ್ಪಂದ ಆದದ್ದು 1883ರಲ್ಲಿ. ಈಗ ಎಐಪಿಪಿಐ ಎಂದು ಕರೆಯುವ ಸಂಘ ಹುಟ್ಟಿದ್ದು 1897ರಲ್ಲಿ. ದೇಶದೇಶಗಳಲ್ಲಿ ಅದರ ಘಟಕಗಳಿವೆ, ಭಾರತದಲ್ಲೂ ಇದೆ. ನಮ್ಮ ಜಿಐ ಕಾಯ್ದೆ 1999ರದು, ಜಾರಿಗೆ ಬಂದದ್ದು 2003ರಲ್ಲಿ. ನಮ್ಮ ಬಿದ್ರಿ ಕಲೆಗೆ ಜಿಐ ಸಿಕ್ಕಿದ್ದು 2006ರಲ್ಲಿ.

ಬಿದ್ರಿ ಅನ್ನುವ ಹೆಸರೂ ಒಂದು ಮುದ್ರೆಯೇ. ಸತು, ತಾಮ್ರ ಕರಗಿಸಿ ಎರಕ ಹೊಯ್ದು, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಕಪ್ಪು ಮಾಡುವ ಕುಶಲಕರ್ಮಿಗಳ ಶ್ರಮ ಆ ಹೆಸರಿನ ಹಿಂದೆ ಇದೆ. ಜಿಐ ಹೆಸರನ್ನು ಸುಳ್ಳಾಗಿ ಬಳಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ ಅಂತ ಕಾಯ್ದೆ ಹೇಳುತ್ತದೆ. ಆದರೆ ಕೊಳ್ಳುವವರು ಕೇಳದಿದ್ದರೆ ಕಾಯ್ದೆ ಪುಸ್ತಕದಲ್ಲೇ ಇರ್ತದ.

1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಮದರಸಾದ ದೊಡ್ಡ ಭಾಗ ಬಿದ್ದುಹೋಯಿತು. ಒಂದು ಮಿನಾರು ಇನ್ನೂ ನಿಂತಿದೆ, ಮೈಮೇಲೆ ಬಣ್ಣದ ಹೆಂಚುಗಳ ಚೂರೂ ಉಳಿದಿವೆ. ಮುಂದಿನ ಸಲ ಕಾಲೇಜಿನ ಅತಿಥಿಗಳಿಗೆ ಬಿದ್ರಿ ಕಾಣಿಕೆ ಕೊಳ್ಳೋವಾಗ, ಇದನ್ನು ಮಾಡಿದವರು ಯಾರ್ರೀ ಅಂತ ಒಂದು ಮಾತು ಕೇಳೋಣ. ಸುಲ್ತಾನ ಕೇಳದೇ ಬಿಟ್ಟದ್ದೂ ಅಷ್ಟೇ ಮಾತು.