ಬೆಳಕಿನ ಅಲೆಗಳನ್ನು ಅಳೆದವರು

ಮಕ್ಕಳೇ, ನಿಮ್ಮ ಕಂಪಾಸು ಪೆಟ್ಟಿಗೆಯಿಂದ ಅಳತೆಪಟ್ಟಿಯನ್ನು ಹೊರತೆಗೆಯಿರಿ. ಅದರಲ್ಲಿ ಒತ್ತೊತ್ತಾಗಿರುವ ಎರಡು ಗೆರೆಗಳ ನಡುವಿನ ಅಂತರ 1 ಮಿಲಿಮೀಟರ್. ಆ ಪುಟ್ಟ ಅಂತರವನ್ನು ಒಂದು ಕೋಟಿ ಸಮಭಾಗ ಮಾಡಿದರೆ ಒಂದು ಭಾಗ ಎಷ್ಟಿದ್ದೀತು? ಊಹಿಸುವುದೂ ಕಷ್ಟ ಅಲ್ಲವೇ? ಅಷ್ಟು ಚಿಕ್ಕ ಅಳತೆಗೆ ಒಬ್ಬ ವಿಜ್ಞಾನಿಯ ಹೆಸರನ್ನು ಇಟ್ಟಿದ್ದಾರೆ. ಅವರೇ ಸ್ವೀಡನ್ ದೇಶದ ಆಂಡರ್ಸ್ ಯೋನಾಸ್ ಆಂಗ್‌ಸ್ಟ್ರಾಮ್.

ಆಂಗ್‌ಸ್ಟ್ರಾಮ್ ಅವರು 1814ರ ಆಗಸ್ಟ್ 13ರಂದು ಸ್ವೀಡನ್ನಿನ ಲಾಗ್ಡೊ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಅವರ ತಂದೆ ಪಾದ್ರಿಗಳಾಗಿದ್ದರು. ಬಾಲಕ ಆಂಡರ್ಸ್ ಹ್ಯಾರ್ನೊಸಾಂಡ್ ಎಂಬ ಪಟ್ಟಣದ ಶಾಲೆಯಲ್ಲಿ ಕಲಿತನು. ಮುಂದೆ ಉಪ್ಸಾಲ ವಿಶ್ವವಿದ್ಯಾಲಯ ಸೇರಿ, 1839ರಲ್ಲಿ ಡಾಕ್ಟರ್ ಪದವಿ ಪಡೆದು, ಅಲ್ಲಿಯೇ ಅಧ್ಯಾಪಕರಾದರು. ನಕ್ಷತ್ರಗಳನ್ನು ವೀಕ್ಷಿಸುವ ವೀಕ್ಷಣಾಲಯದಲ್ಲಿಯೂ ದುಡಿದರು. 1858ರಲ್ಲಿ ಉಪ್ಸಾಲದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು.

ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳು ಕಾಣುತ್ತವೆ ಎಂಬುದು ನಿಮಗೆ ಗೊತ್ತು. ಈ ಬಣ್ಣಗಳ ಸಾಲಿಗೆ ರೋಹಿತ ಎಂದು ಹೆಸರು. ಸೂಕ್ಷ್ಮವಾದ ಉಪಕರಣದಿಂದ ನೋಡಿದರೆ ಸೂರ್ಯನ ರೋಹಿತದಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ನಮ್ಮ ಪ್ರತಿಯೊಬ್ಬರ ಹೆಬ್ಬೆರಳಿನ ಗುರುತು ಬೇರೆ ಬೇರೆ ಇರುವಂತೆ, ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ಆದ ಗೆರೆಗಳಿವೆ. ಈ ಗೆರೆಗಳನ್ನು ಹಿಡಿದು ಸೂರ್ಯನಲ್ಲಿ ಜಲಜನಕವಿದೆ ಎಂದು ಆಂಗ್‌ಸ್ಟ್ರಾಮ್ 1862ರಲ್ಲಿ ಸಾರಿದರು. ಭೂಮಿಯ ಮೇಲೆಯೇ ಕುಳಿತು ಸೂರ್ಯನಲ್ಲಿ ಏನಿದೆ ಎಂದು ಹೇಳುವುದು ಎಂತಹ ಸೋಜಿಗ!

ಆದರೆ ಗೆರೆಗಳನ್ನು ನೋಡಿದರೆ ಸಾಲದು. ಯಾವ ಗೆರೆ ಎಲ್ಲಿದೆ ಎಂದು ಎಲ್ಲರಿಗೂ ತಿಳಿಯುವಂತೆ ಅಳೆದು ಹೇಳಬೇಕು. ಬೆಳಕು ಅಲೆಗಳ ರೂಪದಲ್ಲಿ ಸಾಗುತ್ತದೆ. ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಯವರೆಗಿನ ಅಂತರವೇ ತರಂಗದೂರ. ಗಾಜಿನ ಮೇಲೆ ಒತ್ತೊತ್ತಾಗಿ ಸೂಕ್ಷ್ಮ ಗೆರೆಗಳನ್ನು ಕೊರೆದ ಸಾಧನದ ಮೂಲಕ ಬೆಳಕನ್ನು ಹಾಯಿಸಿ, ಅದು ಎಷ್ಟು ಬಾಗುತ್ತದೆ ಎಂದು ನೋಡಿ ತರಂಗದೂರವನ್ನು ಲೆಕ್ಕ ಮಾಡುತ್ತಾರೆ. ಅವರಿಗಿಂತ ಹಿಂದೆ ಜರ್ಮನಿಯ ಫ್ರೌನ್‌ಹೋಫರ್ ಅವರು ಇಂತಹ ಅಳತೆಗಳನ್ನು ಅಂಗುಲದ ಭಾಗಗಳಲ್ಲಿ ಬರೆದಿದ್ದರು. ಒಂದೊಂದು ದೇಶದ ಅಂಗುಲ ಒಂದೊಂದು ಉದ್ದವಾಗಿದ್ದ ಕಾಲವದು. ಹೋಲಿಸಿ ನೋಡುವುದು ತೊಡಕಾಗುತ್ತಿತ್ತು.

ಆಂಗ್‌ಸ್ಟ್ರಾಮ್ ಅವರು 1868ರಲ್ಲಿ ಸೂರ್ಯನ ರೋಹಿತದ ದೊಡ್ಡ ನಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಸಾವಿರಕ್ಕೂ ಹೆಚ್ಚು ಗೆರೆಗಳಿದ್ದವು. ಅವುಗಳ ತರಂಗದೂರವನ್ನು ಅವರು ಮಿಲಿಮೀಟರಿನ ಒಂದು ಕೋಟಿಯ ಒಂದು ಭಾಗವನ್ನು ಮಾನವಾಗಿಟ್ಟುಕೊಂಡು ಬರೆದರು. ಇದರಿಂದ ಸೊನ್ನೆಗಳ ಉದ್ದ ಸಾಲು ತಪ್ಪಿತು. ಈ ಮಾನಕ್ಕೆ ಅವರ ಹೆಸರು ಬಂದದ್ದು ಅವರು ತೀರಿಕೊಂಡ ಮೇಲೆ.

ಬನ್ನಿ, ಈ ಅಳತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೋಡೋಣ. 1 ಮೀಟರಿನಲ್ಲಿ 1000 ಮಿಲಿಮೀಟರ್. 1 ಮಿಲಿಮೀಟರಿನಲ್ಲಿ 1000 ಮೈಕ್ರೋಮೀಟರ್. 1 ಮೈಕ್ರೋಮೀಟರಿನಲ್ಲಿ 1000 ನ್ಯಾನೋಮೀಟರ್. 1 ನ್ಯಾನೋಮೀಟರಿನಲ್ಲಿ 10 ಆಂಗ್‌ಸ್ಟ್ರಾಮ್. ಅಡುಗೆಮನೆಯಲ್ಲಿ ಉರಿಯುವ ಒಲೆಗೆ ಉಪ್ಪುನೀರು ಚೆಲ್ಲಿದಾಗ ಜ್ವಾಲೆ ಹಳದಿಯಾಗುವುದನ್ನು ನೀವು ಕಂಡಿರಬಹುದು. ಅದು ಉಪ್ಪಿನಲ್ಲಿರುವ ಸೋಡಿಯಂನ ಬೆಳಕು. ಅದರಲ್ಲಿ ಒಂದಕ್ಕೊಂದು ಅಂಟಿದಂತೆ ಎರಡು ಗೆರೆಗಳಿವೆ. ಒಂದು 5890 ಆಂಗ್‌ಸ್ಟ್ರಾಮ್, ಇನ್ನೊಂದು 5896 ಆಂಗ್‌ಸ್ಟ್ರಾಮ್. ಹತ್ತರಿಂದ ಭಾಗಿಸಿ ನೋಡಿ. 589.0 ಮತ್ತು 589.6 ನ್ಯಾನೋಮೀಟರ್ ಎಂದಾಯಿತು. ಇದನ್ನೇ ಮಿಲಿಮೀಟರಿನಲ್ಲಿ ಬರೆದರೆ 0.0005890 ಮತ್ತು 0.0005896. ಯಾವುದು ಓದಲು ಸುಲಭ ಎಂದು ನೀವೇ ಹೇಳಿ. ಮಾನ ಬದಲಾದರೆ ಅಂಕಿ ಬದಲಾಗುತ್ತದೆ. ಅಲೆಯ ಉದ್ದ ಮಾತ್ರ ಬದಲಾಗುವುದಿಲ್ಲ.

ಇಷ್ಟು ಎಚ್ಚರದಿಂದ ಅಳೆದ ಆಂಗ್‌ಸ್ಟ್ರಾಮ್ ಅವರ ಅಂಕಿಗಳಲ್ಲಿಯೂ ಒಂದು ಕೊರತೆ ಉಳಿಯಿತು. ಅವರು ಅಳತೆಗೆ ಆಧಾರವಾಗಿ ಇಟ್ಟುಕೊಂಡಿದ್ದ ಮೀಟರಿನ ಉದ್ದದ ಲೆಕ್ಕದಲ್ಲಿಯೇ ತುಸು ವ್ಯತ್ಯಾಸವಿತ್ತು. ಅದು ಸುಮಾರು 7000ದಲ್ಲಿ ಒಂದು ಭಾಗ. ಅಂದರೆ 7 ಮೀಟರ್ ಉದ್ದದ ಹಗ್ಗದಲ್ಲಿ 1 ಮಿಲಿಮೀಟರಿನಷ್ಟು! ಅಷ್ಟು ಸಣ್ಣ ದೋಷವಾದರೂ ಆಧಾರದಲ್ಲಿಯೇ ಇದ್ದುದರಿಂದ ಅದು ಎಲ್ಲ ಗೆರೆಗಳ ಅಂಕಿಗಳಿಗೂ ಹಬ್ಬಿತು. ಮುಂದೆ ಬಂದ ವಿಜ್ಞಾನಿಗಳು ಅದನ್ನು ಪತ್ತೆಹಚ್ಚಿ ತಿದ್ದಿದರು. ಅವರ ದುಡಿಮೆಯನ್ನು ಯಾರೂ ಹಳಿಯಲಿಲ್ಲ. ಹಾಗೆ ತಿದ್ದಲು ಸಾಧ್ಯವಾದದ್ದು ಏಕೆ? ಅವರು ಪ್ರತಿಯೊಂದು ಅಳತೆಯನ್ನೂ ಕ್ರಮವಾಗಿ, ಒಂದೇ ಮಾನದಲ್ಲಿ ಬರೆದಿಟ್ಟಿದ್ದರು.

ಆ ಅಂಕಿಗಳು ಎಷ್ಟು ಉಪಯುಕ್ತವಾಗಿದ್ದವು ಎಂಬುದಕ್ಕೆ ಒಂದು ಉದಾಹರಣೆ ಕೇಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಾಲಕಿಯರ ಶಾಲೆಯಲ್ಲಿ ಬಾಮರ್ ಎಂಬ ಉಪಾಧ್ಯಾಯರಿದ್ದರು. ಅವರು ಆಂಗ್‌ಸ್ಟ್ರಾಮ್ ಅಳೆದಿದ್ದ ಜಲಜನಕದ ನಾಲ್ಕು ಗೆರೆಗಳ ಅಂಕಿಗಳನ್ನು ಮುಂದಿಟ್ಟುಕೊಂಡು ಯೋಚಿಸಿ, 1885ರಲ್ಲಿ ಅವುಗಳನ್ನು ಜೋಡಿಸುವ ಒಂದು ಸೂತ್ರವನ್ನು ಕಂಡುಹಿಡಿದರು. ಪರಮಾಣುವಿನ ರಚನೆಯನ್ನು ಅರಿಯಲು ಮುಂದೆ ಆ ಸೂತ್ರ ನೆರವಾಯಿತು.

ಉತ್ತರದ ನಾಡುಗಳಲ್ಲಿ ರಾತ್ರಿಯ ಆಕಾಶದಲ್ಲಿ ಹಸಿರು ಬೆಳಕಿನ ತೆರೆಗಳು ಅಲುಗಾಡುತ್ತವೆ. ಇದನ್ನು ಧ್ರುವಪ್ರಭೆ ಎನ್ನುತ್ತಾರೆ. ಇದರ ರೋಹಿತವನ್ನು 1867ರಲ್ಲಿ ಮೊದಲಿಗೆ ಪರೀಕ್ಷಿಸಿದವರೂ ಆಂಗ್‌ಸ್ಟ್ರಾಮ್ ಅವರೇ. ಅದರ ಹಸಿರು ಗೆರೆಯ ತರಂಗದೂರ 5577 ಆಂಗ್‌ಸ್ಟ್ರಾಮ್ ಎಂದು ಇಂದು ತಿಳಿದಿದೆ. ಅದು ಎಷ್ಟು ನ್ಯಾನೋಮೀಟರ್? ನೀವೇ ಲೆಕ್ಕ ಮಾಡಿ.

1872ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರಿಗೆ ರಮ್‌ಫೋರ್ಡ್ ಪದಕವನ್ನು ನೀಡಿ ಗೌರವಿಸಿತು. 1874ರ ಜೂನ್ 21ರಂದು ಅವರು ಉಪ್ಸಾಲದಲ್ಲಿ ನಿಧನರಾದರು. ಆಗ ಅವರಿಗೆ ಅರವತ್ತು ವರ್ಷಗಳೂ ತುಂಬಿರಲಿಲ್ಲ. ಇಂದು ವಿಜ್ಞಾನಿಗಳು ಹೆಚ್ಚಾಗಿ ನ್ಯಾನೋಮೀಟರನ್ನು ಬಳಸುತ್ತಾರೆ. ಆದರೂ ಇಂಗ್ಲಿಷಿನ ಎ ಅಕ್ಷರದ ತಲೆಯ ಮೇಲೆ ಪುಟ್ಟ ಸೊನ್ನೆಯಿಟ್ಟು ಬರೆಯುವ ಆಂಗ್‌ಸ್ಟ್ರಾಮ್ ಚಿಹ್ನೆ ಇನ್ನೂ ಪುಸ್ತಕಗಳಲ್ಲಿ ಕಾಣುತ್ತದೆ.

ಮಕ್ಕಳೇ, ಮುಂದಿನ ಸಲ ಅಳತೆಪಟ್ಟಿ ಹಿಡಿದಾಗ ಅದರ ಸೊನ್ನೆ ಸರಿಯಾದ ಜಾಗದಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಉತ್ತರದ ಮುಂದೆ ಮಾನವನ್ನು ಬರೆಯಲು ಮರೆಯಬೇಡಿ. ಆಂಗ್‌ಸ್ಟ್ರಾಮ್ ಅವರ ಬಾಳು ನಮಗೆ ಕಲಿಸುವ ಪಾಠ ಇದೇ.