ನಂಜನಗೂಡಿನ ರಾಜೇಶ್ವರಿ: ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ನಡೆದ ದಾರಿ

ನಿಂಬರ್ಗಾ: ಕಿರಾಣಿ ಅಂಗಡಿಗೆ ಹೋಗ್ತೀವಿ. ಒಂದು ಕಿಲೋ ಸಕ್ಕರೆ ತಗೊಂಡು ಫೋನ್ ತೆಗೆದು ಸ್ಕ್ಯಾನ್ ಮಾಡ್ತೀವಿ. ಅಂಗಡಿಯೊಳಗಿನ ಸಣ್ಣ ಡಬ್ಬಿ ರೊಕ್ಕ ಬಂತು ಅಂತ ಕೂಗಿ ಹೇಳ್ತದ. ನಡುವೆ ಏನಾಯ್ತು ಅಂತ ಯಾರೂ ಕೇಳೋದಿಲ್ಲ. ಟವರ್ ಕೈಕೊಟ್ಟ ದಿನ ಮಾತ್ರ ಅದರ ನೆನಪಾಗ್ತದ.

ಫೋನಿನಿಂದ ಟವರಿಗೆ ಸುದ್ದಿ ಹೊತ್ತು ಹೋಗೋದು ಕಣ್ಣಿಗೆ ಕಾಣದ ಅಲೆಗಳು. ಮನೆ ಮಾಳಿಗೆ ಮ್ಯಾಲಿನ ಟಿವಿ ಡಿಶ್ ಹಿಡಿಯೋದೂ ಅಂಥವೇ ಅಲೆಗಳನ್ನು. ಇವಕ್ಕೆ ಮೈಕ್ರೋವೇವ್ ಅಂತಾರೆ. ಇವುಗಳ ಮೇಲೆ ನಮ್ಮ ದೇಶದಲ್ಲಿ ಮೊದಮೊದಲು ಸಂಶೋಧನೆ ಶುರು ಮಾಡಿದವರಲ್ಲಿ ಒಬ್ಬರು ಕನ್ನಡದ ಹೆಣ್ಣುಮಗಳು. ಹೆಸರು ರಾಜೇಶ್ವರಿ ಚಟರ್ಜಿ. ಊರು ಮೈಸೂರು ಜಿಲ್ಲೆಯ ನಂಜನಗೂಡು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಅವರನ್ನು ಗುರುತಿಸ್ತಾರೆ.

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದಾಗ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಹೆಣ್ಮಕ್ಕಳನ್ನು ಮುಂದೆ ಓದಿಸೋದೋ, ಇಲ್ಲಿಗೇ ಸಾಕು ಮಾಡೋದೋ ಅಂತ ಮಾತು ನಡೀತದ. ಆ ಮಾತು ನಡೆಯೋ ಮನೆಯವರು ಈ ತಾಯಿಯ ಕಥೆ ಒಮ್ಮೆ ಓದಬೇಕು.

ಅಜ್ಜಿ ಓದಿದ್ದ ಮನೆ

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿ 24ರಂದು. ತಂದೆ ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರು. ಆದರೆ ಈ ಕಥೆ ತಂದೆಯಿಂದ ಶುರುವಾಗೋದಿಲ್ಲ. ಅಜ್ಜಿಯಿಂದ, ನಮ್ಮ ಕಡೆ ಹೇಳೋ ಹಂಗ ಆಯಿಯಿಂದ, ಶುರುವಾಗ್ತದ.

ಅಜ್ಜಿಯ ಹೆಸರು ಕಮಲಮ್ಮ ದಾಸಪ್ಪ. ಹಳೇ ಮೈಸೂರು ಸಂಸ್ಥಾನದಲ್ಲಿ ಡಿಗ್ರಿ ಮುಗಿಸಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಅವರೂ ಒಬ್ಬರು. ತಾವು ಕಲಿತು ಮನೆಯಲ್ಲಿ ಕೂಡಲಿಲ್ಲ. ಗಂಡ ಸತ್ತವರು, ಗಂಡ ಬಿಟ್ಟವರು ಅಂತ ಊರು ಮೂಲೆಗೆ ತಳ್ಳಿದ್ದ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸೋ ಕೆಲಸಕ್ಕೆ ನಿಂತರು. ಆಗಿನ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಚಿಕ್ಕ ವಯಸ್ಸಿನಲ್ಲೇ ಲಗ್ನ ಆಗಿ, ಗಂಡನನ್ನು ಕಳಕೊಂಡ ಹುಡುಗಿ ಜೀವನಪೂರ್ತಿ ಒಳಗಿನ ಕೋಣೆಯಲ್ಲೇ ಇರಬೇಕಾದ ಕಾಲ ಅದು. ಅಂಥವರ ಕೈಗೆ ಪುಸ್ತಕ ಕೊಟ್ಟ ಮಹಿಳಾ ಸೇವಾ ಸಮಾಜದ ಜೊತೆ ಕಮಲಮ್ಮನವರು ದುಡಿದರು. ಮೊಮ್ಮಗಳ ಶುರುವಿನ ಓದೂ ಆ ಸಮಾಜದ ಸಾಲಿಯಲ್ಲೇ ಆಯಿತು.

ಇದರಿಂದ ಮೊಮ್ಮಗಳಿಗೆ ಒಂದು ಲಾಭ ಆಯಿತು. ಹೆಣ್ಣುಮಗಳು ಕಲಿಯಬೇಕೋ ಬ್ಯಾಡೋ ಅನ್ನೋ ಜಗಳ ಆಕೆಯ ಮನೆಯಲ್ಲಿ ಎರಡು ತಲೆಮಾರು ಮೊದಲೇ ಮುಗಿದಿತ್ತು. ಆ ಜಗಳವನ್ನು ಅಜ್ಜಿ ಗೆದ್ದು ಇಟ್ಟಿದ್ದರು.

ಇತಿಹಾಸ ಬಿಟ್ಟು ಗಣಿತ

ಸಾಲಿ ಮುಗಿದಾಗ ರಾಜೇಶ್ವರಿಗೆ ಇತಿಹಾಸ ಓದೋ ಮನಸ್ಸಿತ್ತು. ಯೋಚನೆ ಮಾಡಿ ಕಡೆಗೆ ವಿಜ್ಞಾನ, ಗಣಿತ ಆರಿಸಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಆಮೇಲೆ ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೆ ಅವರೇ ಮೊದಲ ಸ್ಥಾನ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನ ಬಹುಮಾನವೂ ಬಂತು.

ಇಲ್ಲೇ ನಿಂತಿದ್ದರೆ ಯಾವುದಾದರೂ ಕಾಲೇಜಿನಲ್ಲಿ ಗಣಿತ ಕಲಿಸೋ ಮೇಡಂ ಆಗ್ತಿದ್ದರು. ಅದೂ ದೊಡ್ಡ ಕೆಲಸವೇ. ಆದರೆ ಅವರು 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನೆ ಮಾಡಲಿಕ್ಕೆ ಸೇರಿದರು. ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೀತಾರೆ. ಅದರಲ್ಲೂ ಸೇರಿದ್ದು ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ, ರೇಡಿಯೊ ಸಂಪರ್ಕದ ಕಡೆಗೆ.

ಆ ಬಾಗಿಲು ಹೆಣ್ಣುಮಕ್ಕಳಿಗೆ ಸುಮ್ಮನೆ ತೆರೆದದ್ದಲ್ಲ. ಹತ್ತು ವರ್ಷ ಹಿಂದೆ, 1933ರಲ್ಲಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಮೊದಲ ಸಾಲಿನಲ್ಲಿ ಪಾಸಾದ ಕಮಲಾ ಭಾಗವತ್ ಅನ್ನೋ ಹುಡುಗಿ ಇದೇ ಸಂಸ್ಥೆಗೆ ಅರ್ಜಿ ಹಾಕಿದ್ದರು. ನೊಬೆಲ್ ಪ್ರಶಸ್ತಿ ಪಡೆದ ಸಿ.ವಿ. ರಾಮನ್ ಆಗ ಅಲ್ಲಿನ ನಿರ್ದೇಶಕರು. ಹೆಣ್ಣುಮಗಳು ಅನ್ನೋ ಕಾರಣಕ್ಕೆ ಅವರು ಸೀಟು ಕೊಡಲಿಲ್ಲ. ಕಮಲಾ ಬಿಡದೆ ಕೇಳಿದ ಮೇಲೆ ಷರತ್ತು ಹಾಕಿ ಒಳಗೆ ಬಿಟ್ಟರು. ಮೊದಲ ವರ್ಷ ಪರೀಕ್ಷಾರ್ಥ, ಕೆಲಸ ಸರಿ ಕಂಡರೆ ಮಾತ್ರ ಮುಂದೆ. ಗಂಡುಹುಡುಗರ ಗಮನ ಕೆಡಿಸಬಾರದು ಅನ್ನೋದೂ ಒಂದು ಷರತ್ತು. ಕಮಲಾ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿ 1936ರಲ್ಲಿ ಡಿಸ್ಟಿಂಕ್ಷನ್ ತಗೊಂಡರು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಪಿಎಚ್.ಡಿ. ಮಾಡಿ, ಕಮಲಾ ಸೊಹೊನಿ ಅಂತ ದೇಶಕ್ಕೇ ಗೊತ್ತಾದರು.

ಅಷ್ಟಕ್ಕೇ ತೊಂದರೆ ಮುಗೀಲಿಲ್ಲ. 1940ರಲ್ಲಿ ರಾಮನ್ ಅವರ ಲ್ಯಾಬಿಗೆ ಬಂದ ಕೇರಳದ ಅನ್ನಾ ಮಣಿ ಐದು ಸಂಶೋಧನಾ ಲೇಖನ ಬರೆದರು. ಆದರೂ ಎಂ.ಎಸ್ಸಿ. ಡಿಗ್ರಿ ಇಲ್ಲ ಅನ್ನೋ ನೆಪಕ್ಕೆ ಅವರಿಗೆ ಪಿಎಚ್.ಡಿ. ಸಿಗಲೇ ಇಲ್ಲ. ಅದೇ ಅನ್ನಾ ಮಣಿ ಮುಂದೆ ಭಾರತದ ಹವಾಮಾನ ಇಲಾಖೆಗೆ ಉಪಕರಣ ಕಟ್ಟಿಕೊಟ್ಟರು. ಇಂಥ ಅಂಗಳಕ್ಕೆ ರಾಜೇಶ್ವರಿ 21ನೇ ವಯಸ್ಸಿನಲ್ಲಿ ಕಾಲಿಟ್ಟರು.

30 ದಿನದ ಹಡಗು

ಎರಡನೇ ಮಹಾಯುದ್ಧ ಮುಗಿದಿತ್ತು. ಆ ಯುದ್ಧದಲ್ಲಿ ಶತ್ರು ವಿಮಾನ ಎಲ್ಲಿದೆ ಅಂತ ದೂರದಿಂದಲೇ ಪತ್ತೆ ಮಾಡಿದ ರೇಡಾರ್‌ನಿಂದಾಗಿ ಮೈಕ್ರೋವೇವ್ ವಿದ್ಯೆಗೆ ಒಮ್ಮೆಲೇ ಬೆಲೆ ಬಂದಿತ್ತು. ದೇಶಕ್ಕೆ ಸ್ವಾತಂತ್ರ್ಯ ಹತ್ತಿರ ಬಂದಿತ್ತು. ಮಧ್ಯಂತರ ಸರ್ಕಾರ ಬುದ್ಧಿವಂತ ಹುಡುಗರನ್ನು ಆರಿಸಿ, ವಿದ್ಯಾರ್ಥಿವೇತನ ಕೊಟ್ಟು ಪರದೇಶಕ್ಕೆ ಕಳಿಸೋ ಯೋಜನೆ ಮಾಡಿತು. 1946ರಲ್ಲಿ ರಾಜೇಶ್ವರಿ ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಆಯ್ಕೆ ಆದರು. ಅಮೆರಿಕದ ಆ್ಯನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯ ಅವರು ಆರಿಸಿಕೊಂಡ ಜಾಗ.

1947ರ ಜುಲೈ. ಸ್ವಾತಂತ್ರ್ಯಕ್ಕೆ ಇನ್ನೊಂದೇ ತಿಂಗಳು. ಮರೀನ್ ಆ್ಯಡರ್ ಅನ್ನೋ ಹಡಗು ಹತ್ತಿದರು. ಅದು ಮೊದಲು ಸೈನಿಕರನ್ನು ಸಾಗಿಸ್ತಿದ್ದ ಹಡಗು. ಮುಟ್ಟಲಿಕ್ಕೆ 30 ದಿನ. ಆಗ ಅವರಿಗೆ 25 ವರ್ಷ, ಲಗ್ನ ಆಗಿರಲಿಲ್ಲ. ಇವತ್ತಿಗೂ ನಮ್ಮ ಕಡೆ 25 ವರ್ಷದ ಮಗಳನ್ನು ಕಲಬುರಗಿ ಹಾಸ್ಟೆಲಿಗೆ ಕಳಿಸಬೇಕಂದ್ರೂ ನಾಲ್ಕು ಮಂದಿ ನಾಲ್ಕು ಮಾತಾಡ್ತಾರೆ. ಆ ಮನೆಯವರ ಗಟ್ಟಿತನ ಎಷ್ಟಿರಬೇಕು, ನೀವೇ ವಿಚಾರ ಮಾಡ್ರಿ.

ಅದೇ ಹೊತ್ತಿಗೆ ನಮ್ಮ ನಿಂಬರ್ಗಾ, ಆಳಂದ, ಇಡೀ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರಿನಲ್ಲಿ. ನಮ್ಮ ಹಿರೇರು ರಜಾಕಾರರ ಹಾವಳಿಯ ದಿನ ಎಣಿಸ್ತಿದ್ದಾಗ ನಂಜನಗೂಡಿನ ಹುಡುಗಿ ಮಿಷಿಗನ್ನಿನ ತರಗತಿಯಲ್ಲಿ ಕೂತಿದ್ದಳು.

ಅಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ ಡಿಗ್ರಿ ಮುಗಿಸಿದರು. ಭಾರತ ಸರ್ಕಾರದ ಕರಾರಿನ ಪ್ರಕಾರ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರೇಡಿಯೊ ಅಲೆಗಳನ್ನು ಅಳೆಯೋ ತರಬೇತಿ ಎಂಟು ತಿಂಗಳು ಮಾಡಿದರು. 1949ರಲ್ಲಿ ಮತ್ತೆ ಮಿಷಿಗನ್ನಿಗೆ ಬಂದರು. ಈ ಸಲ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತ್ತು. ಇದು ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇಟ್ಟಿದ್ದು. ಸಸ್ಯಶಾಸ್ತ್ರದ ಜಾನಕಿ ಅಮ್ಮಾಳ್ ಅವರೂ ಇದೇ ವೇತನದ ಮೇಲೆ ಓದಿ 1931ರಲ್ಲಿ ಅಲ್ಲೇ ಡಾಕ್ಟರೇಟ್ ಪಡೆದಿದ್ದರು. ರಾಜೇಶ್ವರಿ ಪ್ರೊಫೆಸರ್ ವಿಲಿಯಂ ಡೌ ಅವರ ಕೈಕೆಳಗೆ ಕೆಲಸ ಮಾಡಿ 1953ರ ಶುರುವಿನಲ್ಲಿ ಪಿಎಚ್.ಡಿ. ಮುಗಿಸಿದರು. ಗಣಿತದ ಹುಡುಗಿ ಈಗ ಪೂರಾ ಇಂಜಿನಿಯರ್.

ಬೆಂಗಳೂರಿಗೆ ವಾಪಸ್

ಡಿಗ್ರಿ ಕೈಯಲ್ಲಿತ್ತು, ಆದರೂ ಅಮೆರಿಕದಲ್ಲಿ ಉಳಿಯಲಿಲ್ಲ. 1953ರಲ್ಲೇ ತಿರುಗಿ ಬಂದು, ತಾವು ಕಲಿತ ಟಾಟಾ ಇನ್‌ಸ್ಟಿಟ್ಯೂಟಿನ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ಇಂಜಿನಿಯರಿಂಗ್ ವಿಭಾಗದಲ್ಲಿ ಮೇಡಂ ಆದರು. ಎದುರಿಗೆ ಕೂತವರು, ಪಕ್ಕದಲ್ಲಿ ಕಲಿಸೋರು, ಹೆಚ್ಚೂಕಡಿಮೆ ಎಲ್ಲ ಗಂಡಸರೇ. ಅಂಥಲ್ಲಿ ಅವರು ವಿದ್ಯುತ್ಕಾಂತ ಸಿದ್ಧಾಂತ, ರೇಡಿಯೊ ಇಂಜಿನಿಯರಿಂಗ್, ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು.

ಅದೇ ವರ್ಷ ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿ ಅವರ ಜೊತೆ ಲಗ್ನ ಆಯಿತು. ಆಗ ರಾಜೇಶ್ವರಿಗೆ 31 ವರ್ಷ. ಗಂಡ ಬಂಗಾಳಿ, ಹೆಂಡತಿ ಕನ್ನಡತಿ. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನಾ ಲ್ಯಾಬ್ ಕಟ್ಟಿದರು. ಮೈಕ್ರೋವೇವ್ ಇಂಜಿನಿಯರಿಂಗ್ ವಿಷಯದಲ್ಲಿ ದೇಶದ ಮೊದಮೊದಲ ಸಂಶೋಧನೆಗಳಲ್ಲಿ ಇಲ್ಲಿನದೂ ಒಂದು.

ಅವರ ಕೆಲಸ ಏನು ಅಂತ ಸಾದಾ ಮಾತಿನಲ್ಲಿ ಹೇಳೋಣ. ಕೆರೆಗೆ ಕಲ್ಲು ಒಗೆದರೆ ನೀರಿನಲ್ಲಿ ಅಲೆ ಏಳ್ತಾವ. ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆವರೆಗಿನ ಅಂತರಕ್ಕೆ ಅಲೆಯ ಉದ್ದ ಅಂತಾರೆ. ಆಕಾಶವಾಣಿಯ ಹಳೇ ಮೀಡಿಯಂ ವೇವ್ ಅಲೆ ನೂರಾರು ಮೀಟರ್ ಉದ್ದ. ಮೈಕ್ರೋವೇವ್ ಅಲೆ ಗೇಣು ಉದ್ದಕ್ಕಿಂತ ಸ್ವಲ್ಪ ಹೆಚ್ಚಿನಿಂದ ಹಿಡಿದು ಜೋಳದ ಕಾಳಿಗಿಂತ ಸಣ್ಣದರವರೆಗೆ. ಅಲೆ ಸಣ್ಣದಾದಷ್ಟು ಆಂಟೆನಾ ಸಣ್ಣದಾಗ್ತದ. ಬ್ಯಾಟರಿ ಬೆಳಕು ಬಿಟ್ಟ ಹಂಗ ಬೇಕಾದ ದಿಕ್ಕಿಗೇ ಅಲೆ ಬಿಡಲಿಕ್ಕೆ ಬರ್ತದ. ಒಮ್ಮೆಗೇ ಬಹಳ ಸುದ್ದಿ ಹೊರಿಸಬಹುದು.

ಆದರೆ ಈ ಅಲೆ ಸಾಕೋದು ಸುಲಭ ಅಲ್ಲ. ಮನೆಯ ಕರೆಂಟಿನ ವೈರಿನಲ್ಲಿ ಬಿಟ್ಟರೆ ದಾರಿಯಲ್ಲೇ ಸೋರಿ ಹೋಗ್ತದ. ಅದಕ್ಕೆ ಒಳಗೆ ಟೊಳ್ಳಿರೋ ಲೋಹದ ಕೊಳವೆ ಬೇಕು, ಅದಕ್ಕೆ ವೇವ್‌ಗೈಡ್ ಅಂತಾರೆ. ಹೊಲಕ್ಕೆ ಪೈಪಿನಲ್ಲಿ ನೀರು ಹಾಯಿಸಿದಂಗ ಅದರೊಳಗೆ ಅಲೆ ಹಾಯಿಸಬೇಕು. ಕೊಳವೆಯ ಅಳತೆ ತಪ್ಪಿದರೆ ಅಲೆ ಮುಂದೆ ಹೋಗೋದೇ ಇಲ್ಲ. ಕೊನೆಗೆ ಆಂಟೆನಾ. ಕರೆಂಟ್ ಹರಿಯದ ಪ್ಲಾಸ್ಟಿಕ್‌ನಂಥ ವಸ್ತುವಿನ ಕೋಲಿನ ಗುಂಟವೂ ಈ ಅಲೆ ಹೋಗಿ ತುದಿಯಿಂದ ಹೊರಗೆ ಹಾರ್ತದ. ಅಂಥ ಆಂಟೆನಾಗಳ ಮೇಲೆ ರಾಜೇಶ್ವರಿ ವರ್ಷಗಟ್ಟಲೆ ಕೆಲಸ ಮಾಡಿದರು, ಪುಸ್ತಕವನ್ನೂ ಬರೆದರು. ಇವತ್ತಿನ ಮೊಬೈಲ್ ಅವರು ಕಂಡುಹಿಡಿದದ್ದಲ್ಲ. ಆದರೆ ಈ ವಿದ್ಯೆ ಬಲ್ಲ ಇಂಜಿನಿಯರ್‌ಗಳು ನಮ್ಮ ದೇಶದಲ್ಲೇ ತಯಾರಾಗಬೇಕು ಅಂದಾಗ ಕಲಿಸೋ ಜಾಗದಲ್ಲಿ ಅವರು ನಿಂತಿದ್ದರು.

20 ಶಿಷ್ಯರು, 7 ಪುಸ್ತಕ

ಮುಂದೆ ಅದೇ ವಿಭಾಗಕ್ಕೆ ಅವರೇ ಮುಖ್ಯಸ್ಥರಾದರು. 20 ಜನ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. 100ಕ್ಕೂ ಹೆಚ್ಚು ಸಂಶೋಧನಾ ಲೇಖನ, 7 ಪುಸ್ತಕ ಬರೆದರು. ಒಳ್ಳೆಯ ಸಂಶೋಧನಾ ಲೇಖನಕ್ಕೆ ಇಂಗ್ಲೆಂಡಿನ ಮೌಂಟ್‌ಬ್ಯಾಟನ್ ಬಹುಮಾನ ಬಂತು. ಭಾರತದ ಇಂಜಿನಿಯರ್‌ಗಳ ಸಂಸ್ಥೆ ಜೆ.ಸಿ. ಬೋಸ್ ಸ್ಮಾರಕ ಬಹುಮಾನ ಕೊಟ್ಟಿತು. ಒಬ್ಬಳೇ ಮಗಳು. ಆಕೆಯೂ ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಆದರು.

1982ರಲ್ಲಿ ನಿವೃತ್ತಿ. ಆಮೇಲೆ ಅವರು ಹಿಡಿದ ಕೆಲಸ ನೋಡಿದರೆ ಅಜ್ಜಿ ನೆನಪಾಗ್ತಾರೆ. ಮಹಿಳಾ ಅಧ್ಯಯನದ ಭಾರತೀಯ ಸಂಘದ ಜೊತೆ ಸೇರಿ ಹೆಣ್ಣುಮಕ್ಕಳ ಪರವಾಗಿ ದುಡಿದರು. ತಮ್ಮ ಮನೆತನದ, ತಮ್ಮ ಕಾಲದ ನೆನಪುಗಳನ್ನು ಪುಸ್ತಕ ಮಾಡಿದರು. ಕಮಲಮ್ಮನವರು ಶುರು ಮಾಡಿದ್ದ ಕೆಲಸಕ್ಕೆ ಮೊಮ್ಮಗಳು ಇಳಿವಯಸ್ಸಿನಲ್ಲಿ ಹೆಗಲು ಕೊಟ್ಟರು. 2010ರ ಸೆಪ್ಟೆಂಬರ್ 3ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಮನೆಯ ಮಾತು

ರಾಜೇಶ್ವರಿ ಶಾಣ್ಯಾರಿದ್ದರು, ಅದಕ್ಕೆ ಮುಂದೆ ಹೋದರು ಅಂತ ಹೇಳಿ ಕೈ ತೊಳಕೊಳ್ಳಬಹುದು. ಆದರೆ ಶಾಣ್ಯಾ ಹುಡುಗಿಯರು ನಮ್ಮಲ್ಲೂ ಕಡಿಮೆ ಇಲ್ಲ. ಅವರಿಗೆ ಸಿಕ್ಕಿದ್ದು ಎರಡು. ಒಂದು, ಓದೋದು ತಪ್ಪಲ್ಲ ಅಂತ ತೋರಿಸಿದ ಅಜ್ಜಿ. ಎರಡು, ಬೇಕಾದ ಹೊತ್ತಿಗೆ ಕೈಗೆ ಬಂದ ವಿದ್ಯಾರ್ಥಿವೇತನ. ಇವೆರಡರಲ್ಲಿ ಒಂದು ತಪ್ಪಿದ್ದರೂ ಅಮೆರಿಕದ ಹಡಗು ಇಲ್ಲ, ಬೆಂಗಳೂರಿನ ಲ್ಯಾಬ್ ಇಲ್ಲ.

ರಾಜೇಶ್ವರಿ ಓದುವ ಕಾಲಕ್ಕೆ ನಮ್ಮ ಭಾಗದಲ್ಲಿ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಕಲಬುರಗಿಯ ಪಿಡಿಎ ಕಾಲೇಜು ಶುರುವಾದದ್ದು 1958ರಲ್ಲಿ. ಇವತ್ತು ಕಾಲೇಜು ಅದಾವ, ಬಸ್ ಅದಾವ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ 371(ಜೆ) ಪ್ರಕಾರ ಸೀಟು ಮೀಸಲು ಅದ. ದಾರಿ ಇಲ್ಲ ಅನ್ನೋ ಮಾತು ಮೊದಲಿನಷ್ಟು ಖರೇ ಅಲ್ಲ. ಇನ್ನೂ ಗಟ್ಟಿ ಮುಚ್ಚಿರೋ ಬಾಗಿಲು ಮನೆಯದು. ಸೈನ್ಸ್ ಅಂದ್ರ ಖರ್ಚು, ಆರ್ಟ್ಸ್ ಓದಲಿ ಸಾಕು, ಹೆಂಗಿದ್ರೂ ಕೊಟ್ಟ ಮನೆಗೆ ಹೋಗೋಳು ಅನ್ನೋ ಮಾತಿನಿಂದ ಮುಚ್ಚಿದ ಬಾಗಿಲು.

ಈ ವರದಿ ಬರೆದವನೂ ಡಿಗ್ರಿ ನಡುವೆ ಬಿಟ್ಟವನೇ. ಒಮ್ಮೆ ಬಿಟ್ಟ ಮೇಲೆ ತಿರುಗಿ ಕಾಲೇಜಿನ ಮೆಟ್ಟಿಲು ಹತ್ತೋದು ಎಷ್ಟು ಭಾರ ಅಂತ ಗೊತ್ತದ. ಗಂಡುಹುಡುಗನಿಗೇ ಇಷ್ಟು ಭಾರ ಆದರೆ, ಬಿಡಿಸಿ ಲಗ್ನ ಮಾಡಿದ ಹುಡುಗಿಗೆ ಹ್ಯಾಂಗಿರಬೇಕು?

ಈ ಸಲ ನಿಮ್ಮ ಮನೆಯಲ್ಲಿ, ಇಲ್ಲಾ ಪಕ್ಕದ ಮನೆಯಲ್ಲಿ, ಗಣಿತದಲ್ಲಿ ಒಳ್ಳೆಯ ಮಾರ್ಕ್ಸ್ ತಗೊಂಡ ಹುಡುಗಿ ಇದ್ದರೆ ಮುಂದೇನು ಓದ್ತೀಯವ್ವಾ ಅಂತ ಕೇಳ್ರಿ. ಅಂಗಡಿಯವರು ನೀವಾದರೆ ಆಕೆಯ ಅಪ್ಪ ಸಾಮಾನು ಒಯ್ಯಲಿಕ್ಕೆ ಬಂದಾಗ ಒಂದು ಮಾತು ಹಾಕ್ರಿ. ವಿದ್ಯಾರ್ಥಿವೇತನದ ಅರ್ಜಿ ತುಂಬಲಿಕ್ಕೆ ಕೂತು ಸಹಾಯ ಮಾಡ್ರಿ. ಪ್ರತಿ ಮನೆಯಲ್ಲೂ ಕಮಲಮ್ಮ ಇರೋದಿಲ್ಲ. ಇಲ್ಲದ ಮನೆಗೆ ಆ ಕೆಲಸ ಓಣಿಯವರೇ ಮಾಡಬೇಕಾಗ್ತದ.